ಹುಳು ಕಂಡರೆ ಓಡುವ ಟರಾಂಟುಲಾ ಮರಿ: ಹಸಿವಿಲ್ಲವೋ, ಹೆದರಿಕೆಯೋ?

ಎಂಟುಕಾಲು (ಪ್ರಶ್ನೆ):
ಬ್ರಾಕಿಪೆಲ್ಮಾ ಹಮೋರಿ (ಟರಾಂಟುಲಾ ಜೇಡದ ಒಂದು ಜಾತಿ) ಮರಿ, ಕಾಲಿನ ತುದಿಯಿಂದ ತುದಿಗೆ ಸುಮಾರು 1.5 ಸೆಂ.ಮೀ. ಇದೆ. ಡಬ್ಬಿಯೊಳಗೆ 6 ಮಿ.ಮೀ. ಉದ್ದದ ಜೀವಂತ ಕ್ರಿಕೆಟ್ ಹುಳು ಬಿಟ್ಟರೆ ಮುಂಗಾಲೆತ್ತಿ ನಿಲ್ಲುತ್ತದೆ. ಹುಳು ಮೈಗೆ ತಾಗಿದ್ದೇ ತಡ, ಬಿಲಕ್ಕೆ ಓಟ. ಎರಡು ಸಲವೂ ಹೀಗೇ ಆಯಿತು. ಹೊಟ್ಟೆ ಬತ್ತಿಲ್ಲ, ಮೇಲೆ ಒಂದು ಕಪ್ಪು ಚುಕ್ಕೆ ಇದೆ. ಪೊರೆ ಬಿಡುವ ಮುನ್ಸೂಚನೆಯೇ? ಹುಳುವನ್ನು ರಾತ್ರಿಯಿಡೀ ಒಳಗೇ ಬಿಟ್ಟರೆ ತಿಂದೀತೇ?

ಬಿಲವಾಸಿ:
ಮೊದಲು ಕೊನೆಯ ಪ್ರಶ್ನೆಗೆ ಉತ್ತರ: ಜೀವಂತ ಕ್ರಿಕೆಟ್ ಅನ್ನು ರಾತ್ರಿಯಿಡೀ ಬಿಡಬೇಡಿ. ಪೊರೆ ಬಿಡಲು ಅಂಗಾತ ಬಿದ್ದ ಮರಿಯನ್ನು ಕ್ರಿಕೆಟ್ ಕಚ್ಚಿ ತಿನ್ನುತ್ತದೆ. ಆ ಹೊತ್ತಿನಲ್ಲಿ ಮರಿಯ ಮೈ ಮೆತ್ತಗೆ, ಓಡುವುದಕ್ಕೂ ಆಗದು.

ಇನ್ನು ಅಳತೆ. 1.5 ಸೆಂ.ಮೀ. ಎಂದರೆ ಕಾಲು ಸೇರಿಸಿ. ಮೈ ಅದರ ಅರ್ಧವೂ ಇರುವುದಿಲ್ಲ, ಹೊಟ್ಟೆ 3 ಮಿ.ಮೀ. ಆಸುಪಾಸು. ನೀವು ಕೊಟ್ಟದ್ದು ಅದರ ಎರಡು ಪಟ್ಟು. ಜೀವಂತ ಹುಳು ಹೊಟ್ಟೆಯ ಗಾತ್ರ ಮೀರಬಾರದು. ಹಾರಲಾರದ ಹಣ್ಣುನೊಣ ಸರಿಹೊಂದುತ್ತದೆ. ಕೆಲವು ನಿಮಿಷ ತಣ್ಣಗಿನ ಜಾಗದಲ್ಲಿಟ್ಟರೆ ಅವು ಮಂದವಾಗುತ್ತವೆ, ಎಣಿಸಿ ಎರಡು ಮೂರು ಹಾಕಬಹುದು.

ನೊಣ ಸಿಗದಿದ್ದರೆ ಕೊಂದು ಕೊಡಿ. ಕ್ರಿಕೆಟ್‌ನ ಹಿಂಗಾಲಿನ ದಪ್ಪ ಭಾಗ, ಇಲ್ಲವೇ 3–4 ಮಿ.ಮೀ. ಮೀಲ್‌ವರ್ಮ್ (ದುಂಬಿಯ ಮರಿಹುಳು) ತುಂಡು. ಕತ್ತರಿಸಿದ ಹಸಿ ಭಾಗಕ್ಕೆ ಮಣ್ಣು ಅಂಟದಂತೆ ಅದನ್ನು ಪ್ಲಾಸ್ಟಿಕ್ ಚೂರಿನ ಮೇಲಿಟ್ಟು ಬಿಲದ ಬಾಯಿಯ ಹತ್ತಿರ ಸಂಜೆ ಇಡಿ. 24 ಗಂಟೆಯೊಳಗೆ ತೆಗೆಯದಿದ್ದರೆ ಬೂಷ್ಟು ಹಿಡಿಯುತ್ತದೆ, ಹಿಂದೆಯೇ ನುಸಿ ಬರುತ್ತದೆ. ಸತ್ತದ್ದನ್ನು ತಿಂದ ಮರಿ ಬೇಟೆ ಮರೆಯುತ್ತದೆ ಎನ್ನುವುದು ಬರೀ ಮಾತು. ಸಣ್ಣ ಮರಿಗಳು ಸಿಕ್ಕಿದ ಹೆಣವನ್ನೂ ತಿನ್ನುತ್ತವೆ, ಬೆಳೆದ ಮೇಲೆ ಬೇಟೆಯನ್ನೂ ಆಡುತ್ತವೆ.

ರೇಷ್ಮೆಚಾಪೆ:
ಅಳತೆಯ ಮಾತು ಒಪ್ಪಿದೆ. ಆದರೆ ಮುಂಗಾಲು ಎತ್ತುವುದೆಲ್ಲ ಒಂದೇ ಅಲ್ಲ, ಅದನ್ನು ಬಿಡಿಸಿ ನೋಡಬೇಕು.

ಎಂಟು ಕಣ್ಣಿದ್ದರೂ ಟರಾಂಟುಲಾಗೆ ಕಾಣುವುದು ಅಷ್ಟಕ್ಕಷ್ಟೇ. ಕಾಲಿನ ಸಣ್ಣ ಕೂದಲು ಗಾಳಿಯ ಅಲುಗಾಟವನ್ನು, ಕಾಲಿನ ಕೀಲುಗಳ ಬಳಿಯ ಸೀಳುಗಳು ನೆಲದ ನಡುಕವನ್ನು ಹಿಡಿಯುತ್ತವೆ. ಒಂದೆರಡು ಕಾಲು ಮೆಲ್ಲಗೆ ಎತ್ತಿ, ಮೈಯನ್ನು ನಡುಕ ಬಂದ ಕಡೆಗೆ ತಿರುಗಿಸಿ, ಕಲ್ಲಿನಂತೆ ನಿಂತರೆ ಅದು ಹೊಂಚು. ಮೈಯನ್ನೇ ಹಿಂದಕ್ಕೆ ಬಾಗಿಸಿ, ಮುಂಗಾಲುಗಳನ್ನು ಅಗಲಿಸಿ, ಕೋರೆಹಲ್ಲು ತೆರೆದರೆ ಬೆದರಿಕೆ. ಬೆನ್ನು ತಿರುಗಿಸಿ ಹೊಟ್ಟೆಯನ್ನು ಹುಳುವಿನ ಕಡೆಗೆ ಎತ್ತಿ ಹಿಂಗಾಲಿನಿಂದ ಒರೆಸಿಕೊಂಡರೆ ಉರಿಗೂದಲು (ತಾಗಿದರೆ ಉರಿಸುವ ಹೊಟ್ಟೆಯ ಕೂದಲು) ಉದುರಿಸುತ್ತಿದೆ ಎಂದರ್ಥ. ಕೊನೆಯ ಎರಡು ಕಂಡರೆ ಹುಳು ತೆಗೆದುಬಿಡಿ.

ನೆಗೆಯುವ ಕ್ರಿಕೆಟ್ ಎಲ್ಲ ಕಡೆಯಿಂದ ನಡುಕ ಕೊಡುತ್ತದೆ, ಮರಿಗೆ ದಿಕ್ಕು ಸಿಗದು. ಹಿಂಗಾಲು ತೆಗೆದು, ತಲೆ ಜಜ್ಜಿ ಕೊಟ್ಟರೆ ಒಂದೇ ಜಾಗದಲ್ಲಿ ಮಿಸುಕುತ್ತದೆ. ಎಷ್ಟೋ ಮರಿಗಳು ಆಗ ಎರಗುತ್ತವೆ. ಮೀಲ್‌ವರ್ಮ್ ಇಡಿಯಾಗಿ ಕೊಡುವುದಾದರೂ ತಲೆ ಜಜ್ಜಲೇಬೇಕು, ಇಲ್ಲದಿದ್ದರೆ ಮಣ್ಣಿಗಿಳಿದು ಮುಂದೊಂದು ದಿನ ದುಂಬಿಯಾಗಿ ಏಳುತ್ತದೆ. ಬೆಳಕು ತಗ್ಗಿಸಿ, ಚಿಮಟದಿಂದ ಮರಿಯನ್ನು ತಿವಿಯಬೇಡಿ.

ಎಂಟುಕಾಲು:
ನೋಡಿದ್ದು ಮೊದಲ ಬಗೆಯದು, ಆಮೇಲೆ ಓಟ. ಆ ಕಪ್ಪು ಚುಕ್ಕೆ?

ಪೊರೆಪುರಾಣ:
ಅದನ್ನು ನೋಡಿ ಮೋಸಹೋಗುವವರೇ ಹೆಚ್ಚು. ಬ್ರಾಕಿಪೆಲ್ಮಾ ಮರಿಗಳ ಹೊಟ್ಟೆಯ ಮೇಲಿನ ಕಪ್ಪು ಚುಕ್ಕೆ ಉರಿಗೂದಲಿನದು, ಯಾವಾಗಲೂ ಇರುತ್ತದೆ. ಪೊರೆಗೆ ಮುಂಚೆ ಚುಕ್ಕೆಯ ಸುತ್ತಲಿನ ಹೊಟ್ಟೆಯೂ ಕಪ್ಪಾಗಿ, ಚರ್ಮ ಬಿಗಿದು ಎಣ್ಣೆ ಹಚ್ಚಿದಂತೆ ಮಿನುಗುತ್ತದೆ. ಬಿಲದ ಬಾಯಿಗೆ ಮಣ್ಣೋ ಬಲೆಯೋ ಅಡ್ಡ ಬಂದರೆ ಇನ್ನು ಅನುಮಾನವೇ ಬೇಡ. ಆಗ ಆಹಾರ ನಿಲ್ಲಿಸಿ, ಮಣ್ಣಿನ ಒಂದು ಮೂಲೆ ತೇವವಾಗಿಡಿ, ಬಿಲ ಕೆದಕಬೇಡಿ.

ಪೊರೆ ಬಿಟ್ಟ ಮೇಲೆ ಕೋರೆಹಲ್ಲು ಬಿಳಿಯಾಗಿರುತ್ತದೆ, ಆಮೇಲೆ ಕೆಂಪು, ಗಟ್ಟಿಯಾದಾಗ ಕಪ್ಪು. ಈ ಗಾತ್ರದ ಮರಿಗೆ ಒಂದು ವಾರ ಬಿಟ್ಟು ಕೊಡಿ. ಹಲ್ಲು ಕಪ್ಪಾಗುವ ಮುಂಚೆ ಕಚ್ಚಿದರೆ ಬಾಗಿಹೋಗಬಹುದು.

ಬಿಲವಾಸಿ:
ಎಷ್ಟು ದಿನಕ್ಕೊಮ್ಮೆ ಕೊಡಬೇಕೆಂದು ಯಾರೂ ಹೇಳಲಿಲ್ಲ. 4–5 ದಿನಕ್ಕೊಮ್ಮೆ ಸಾಕು.

ಪೊರೆಪುರಾಣ:
ಹೊಟ್ಟೆ ನೋಡಿ ಕೊಡುವುದು ಮೇಲು, ದಿನ ಎಣಿಸುವುದಲ್ಲ. ಹೊಟ್ಟೆ ತಲೆಯ ಭಾಗದ ಒಂದೂವರೆ ಪಟ್ಟು ಮೀರಿದರೆ ಒಂದು ವಾರ ಬಿಡಿ. ತಲೆಗಿಂತ ಸಣ್ಣದಾದರೆ ಬೇಗ ಕೊಡಿ. ಸುಕ್ಕುಗಟ್ಟಿದ ಹೊಟ್ಟೆ ಮಾತ್ರ ಬಹುಪಾಲು ನೀರಿನ ಕೊರತೆ, ಗೋಡೆಗೆ ಒಂದು ಹನಿ ಹಾಕಿ ನೋಡಿ. ಮರಿಯ ಮೈಮೇಲೆ ಸಿಂಪಡಿಸಬೇಡಿ.

ಎಂಟುಕಾಲು:
ತುಂಡು ಬಿಲದೊಳಗೆ ಎಳೆದುಕೊಂಡು ಹೋದರೆ ತಿಂದದ್ದು ಗೊತ್ತಾಗುವುದು ಹೇಗೆ?

ರೇಷ್ಮೆಚಾಪೆ:
ಒಂದೆರಡು ದಿನದಲ್ಲಿ ಹೊಟ್ಟೆ ಉಬ್ಬುತ್ತದೆ. ರಸ ಹೀರಿದ ಮೇಲೆ ಉಳಿಯುವುದು ಸಾಸಿವೆಯಂಥ ಒಣ ಕಪ್ಪು ಉಂಡೆ. ಮರಿ ಅದನ್ನು ಬಿಲದ ಹೊರಗೋ ನೀರಿನ ತಟ್ಟೆಗೋ ಎಸೆದಿರುತ್ತದೆ. ಕಂಡಾಗ ಚಿಮಟದಿಂದ ಎತ್ತಿಬಿಡಿ.