ಶುಭಾ, ಟೋಕನ್ ಹಾಕುವ ಮೊದಲು ಇದನ್ನ ಪೂರ್ತಿ ಓದು

ಶುಭಾ, ನಿನ್ನ ಮೆಸೇಜು ಬೆಳಗ್ಗೆ ಕಾಫಿ ಕುಡಿಯುವಾಗ ನೋಡಿದೆ. ಟೈಪ್ ಮಾಡೋದು ನನ್ನ ಕೈಲಾಗಲ್ಲ. ಮಾತಾಡುತ್ತಾ ಹೋಗುತ್ತೇನೆ, ಫೋನೇ ಬರೆದುಕೊಳ್ಳುತ್ತೆ, ತಪ್ಪಿದ್ದರೆ ಹೊಂದಿಸಿಕೊಂಡು ಓದು. ನೀನು ಕೇಳಿರೋದು ಇಷ್ಟು, ಪುಟ್ಟನಿಗೆ ಎಲೆಕ್ಟ್ರಿಕ್ ಗಿಟಾರ್ ಬೇಕು, ಅಂಗಡಿಯಲ್ಲಿ ಇಂಡೋನೇಷ್ಯಾದ ಹೊಸದು 24 ಸಾವಿರಕ್ಕೆ ಇದೆ, ಬೆಂಗಳೂರಲ್ಲಿ ಯಾರೋ ಒಬ್ಬರು ಅಮೆರಿಕದ್ದು ಅಂತ ಸೆಕೆಂಡ್ ಹ್ಯಾಂಡ್ 85 ಸಾವಿರಕ್ಕೆ ಕೊಡುತ್ತಾರೆ, ಇವತ್ತೇ ಹತ್ತು ಸಾವಿರ ಟೋಕನ್ ಹಾಕಿ ಅಂತ ಒತ್ತಾಯ ಮಾಡುತ್ತಿದ್ದಾರೆ. ಅಗ್ಗದ್ದು ತೆಗೆದುಕೊಟ್ಟು ಹುಡುಗನ ಕೈ ಕೆಟ್ಟರೆ ಅಂತ ನಿನಗೆ ಭಯ. ಅಲ್ವಾ?

ಟೋಕನ್ ಹಾಕಬೇಡ. ಗಿಟಾರಿನ ತಲೆ ಮೇಲೆ ಬರೆದಿರೋ ಹೆಸರು ನೋಡಿ ದುಡ್ಡು ಕೊಡಬೇಡ. ಯಾಕೆ ಅಂತ ಹೇಳಬೇಕಾದರೆ ನನ್ನ ಎಜ್ಡಿ ಬೈಕಿನ ಕಥೆ ಹೇಳಬೇಕು.

ನಮ್ಮ ಆರ್ಕೆಸ್ಟ್ರಾ ವಿಷಯ ನಿಮಗೆಲ್ಲ ಗೊತ್ತಿರೋದೇ. ಶ್ರೀಕಂಠ ಡ್ರಮ್ಮು, ದಾಸ ಕೀಬೋರ್ಡು, ನಾನು ಗಿಟಾರು, ಹಾಡುತ್ತಿದ್ದವರು ಯಾರು ಅಂತ ಇಲ್ಲಿ ಬೇಡ, ನಿಮ್ಮತ್ತೆ ಈ ಗ್ರೂಪಲ್ಲೇ ಇದ್ದಾಳೆ. 1987ರಲ್ಲಿ ನನ್ನ ಹತ್ತಿರ ಇದ್ದದ್ದು ಕಲ್ಕತ್ತಾದಲ್ಲಿ ಮಾಡಿದ ಸಾಧಾರಣ ಗಿಟಾರು. ಅದರಲ್ಲೇ ನೂರಾರು ಪ್ರೋಗ್ರಾಂ ನುಡಿಸಿದ್ದೆ. ಆದರೆ ಆಗ ಫಾರಿನ್ ಅನ್ನೋ ಮಾತಿಗೆ ಇದ್ದ ಬೆಲೆ ನಿಮಗೆ ಗೊತ್ತಿಲ್ಲ, ಫಾರಿನ್ ಸೋಪು ತಂದರೆ ಸ್ನಾನಕ್ಕೆ ಬಳಸದೆ ಬೀರುವಿನಲ್ಲಿ ಸೀರೆ ಮಧ್ಯೆ ಇಡುತ್ತಿದ್ದ ಕಾಲ. ಬೊಂಬಾಯಿಯಿಂದ ಬಂದವನೊಬ್ಬ ಲಾಡ್ಜಿನಲ್ಲಿ ರೂಮು ಮಾಡಿಕೊಂಡು ಅಮೆರಿಕದ ಗಿಟಾರ್ ಇದೆ ಅಂದ. ಹೋದೆ. ಕೆಂಪು ಬಣ್ಣ, ಫಳಫಳ. ತಲೆಯ ಮೇಲೆ ಚಿನ್ನದ ಅಕ್ಷರ. ದೊಡ್ಡ ಆಂಪು ಹಾಕಿ, ಎಕೋ ಬಿಟ್ಟು, ಕೈಗೆ ಕೊಟ್ಟ. ನಾನು ಏನು ನುಡಿಸಿದೆ ಹೇಳು? ಕತ್ತಿನ ಮೇಲೆ ಅಡ್ಡಕ್ಕೆ ಲೋಹದ ಪಟ್ಟಿ ಇರುತ್ತಲ್ಲ, ಅದೇ ಫ್ರೆಟ್ಟು, ಮೊದಲ ಮೂರು ಫ್ರೆಟ್ಟಿನಲ್ಲಿ ಜಿ, ಸಿ, ಡಿ ಅನ್ನೋ ಕಾರ್ಡ್ಸು. ಅಷ್ಟೇ. ಎಕೋದಲ್ಲಿ ಯಾರು ನುಡಿಸಿದರೂ ಚೆನ್ನಾಗೇ ಕೇಳುತ್ತೆ, ನೀನು ಬಕೆಟ್ ಬಡಿದರೂ ಚೆನ್ನಾಗಿ ಕೇಳುತ್ತೆ.

12,500 ರೂಪಾಯಿ. ಚೀಟಿ ಎತ್ತಿದ್ದು ಐದು ಸಾವಿರ, ಎಜ್ಡಿ ಮಾರಿದ್ದು ಏಳೂವರೆ. ಯಾದವಗಿರಿ ಫ್ಯಾಕ್ಟರಿಯಿಂದ ಬಂದ ಗಾಡಿ ಕಣಮ್ಮ ಅದು, ಊರಿನ ಮಗು ಇದ್ದ ಹಾಗೆ. ಆ ಫ್ಯಾಕ್ಟರಿನೂ 1996ಕ್ಕೆ ಮುಚ್ಚಿತು, ಅದು ಬಿಡು. ನಮ್ಮಪ್ಪ ಆ ಗಾಡಿ ನಿಲ್ಲಿಸುತ್ತಿದ್ದ ಜಾಗ ನೋಡಿ ಮೂರು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ.

ಆ ವರ್ಷ ಮಂಡ್ಯದಲ್ಲಿ ಗಣೇಶನ ಪ್ರೋಗ್ರಾಂ. ಪೆಂಡಾಲ್ ತುಂಬಾ ಜನ, ಮರದ ಮೇಲೂ ಹುಡುಗರು. ಎರಡನೇ ಹಾಡಿನಲ್ಲಿ ನಾನೊಬ್ಬನೇ ಗಿಟಾರ್ ನುಡಿಸೋ ಬಿಟ್ ಬಂತು. ಕೈ ಮೇಲಕ್ಕೆ ಹೋಯಿತು, ಹನ್ನೆರಡನೇ ಫ್ರೆಟ್ಟು ದಾಟಿತು, ಸಣ್ಣ ತಂತಿ ಎಳೆದೆ. ಕರ್ರ್ ಅಂತು. ನಾದ ಅಲ್ಲೇ ಸತ್ತುಹೋಯಿತು. ದಪ್ಪ ತಂತಿಗೆ ಬಂದರೆ ಅದು ಹಲಗೆಯಿಂದ ಎಷ್ಟು ಮೇಲಿತ್ತು ಅಂದರೆ ಒತ್ತುವಾಗಲೇ ಶ್ರುತಿ ಏರಿಬಿಡುತ್ತಿತ್ತು. ಹಾಡುತ್ತಿದ್ದವರು ತಿರುಗಿ ನನ್ನನ್ನ ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ದಾಸನೇ ನನ್ನ ಬಿಟ್ಟನ್ನೆಲ್ಲ ಕೀಬೋರ್ಡಿನಲ್ಲಿ ನುಡಿಸಿದ. ಅಲ್ಲಿಂದ ಅವನಿಗೆ ಕೊಂಬು ಬಂತು ನೋಡು.

ಯಾರಿಗೆ ತೋರಿಸೋದು? ಆಗ ಮೈಸೂರಲ್ಲಿ ಎಲೆಕ್ಟ್ರಿಕ್ ಗಿಟಾರ್ ರಿಪೇರಿ ಅಂತ ಯಾರಿದ್ದರು. ನಿಮ್ಮತ್ತೆ ವೀಣೆಗೆ ಮೇಳ ಕಟ್ಟೋಕೆ, ಅಂದರೆ ಮೇಣದಲ್ಲಿ ಮೆಟ್ಟಿಲು ಕೂರಿಸೋಕೆ ಬರುತ್ತಿದ್ದ ಆ ಮುದುಕರು ಜ್ಞಾಪಕ ಇದ್ದಾರಾ, ಮೇಣದ ಉಂಡೆ ಡಬ್ಬಿಯಲ್ಲಿ ಹಾಕಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದವರು? ಅವರು ಬಂದಾಗ ಸುಮ್ನೆ ತೋರಿಸಿದೆ. ಅವರು ಹೆಸರು ನೋಡಲೇ ಇಲ್ಲ, ಓದೋಕೂ ಬರುತ್ತಿರಲಿಲ್ಲ ಬಿಡು. ಗಿಟಾರನ್ನ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ, ತಲೆ ಕಡೆಯಿಂದ ಹೊಟ್ಟೆ ಕಡೆಗೆ ನೆಕ್, ಅಂದರೆ ಕತ್ತಿನ ಉದ್ದಕ್ಕೂ ನೋಡಿದರು, ಬಡಗಿ ಬಾಗಿಲಿನ ಪಟ್ಟಿ ನೋಡೋ ಹಾಗೆ. ಮೂರು ಸೆಕೆಂಡು. "ಸ್ವಾಮಿ, ಇದು ತಿರುಚಿಕೊಂಡಿದೆ" ಅಂದರು. ನನಗೂ ತೋರಿಸಿದರು. ಎರಡು ಅಂಚೂ ಒಂದೇ ಸಮ ಹೋಗಬೇಕಲ್ವಾ, ಒಂದು ಅಂಚು ನಡುವೆ ಮಗುಚಿಕೊಂಡಿತ್ತು, ಬಿಸಿಲಿಗೆ ಬಿಟ್ಟ ಹಪ್ಪಳದ ಹಾಗೆ. ಒಂದು ಸಲ ನೋಡಿದ ಮೇಲೆ ಅದನ್ನ ಬಿಟ್ಟು ಬೇರೇನೂ ಕಾಣದು.

"ವೀಣೆ ಆದರೆ ಮೇಣ ಕರಗಿಸಿ ಮೆಟ್ಟಿಲು ಸರಿ ಮಾಡ್ತಿದ್ದೆ, ಇದು ಮರಕ್ಕೇ ಹೊಡೆದಿರೋದು" ಅಂತ ಹೇಳಿ ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದರು. ನೆಕ್ ಕೈಗೆ ಬಂತು. ಅದು ಕೂರೋ ಗುಳಿಯಲ್ಲಿ ಏನಿತ್ತು ಗೊತ್ತಾ? ಮಡಚಿದ ಸಿಗರೇಟು ಪ್ಯಾಕು. ಪಕ್ಕಕ್ಕೆ ಒಂದು ತುಂಡು, ಕೆಳಗೆ ಎರಡು ಪದರ. ಗುಳಿ ಅಗಲ, ನೆಕ್ ಸಣ್ಣದು, ಹೊಂದಿಸೋಕೆ ತುರುಕಿದ್ದಾರೆ. ಕತ್ತು ಒಂದು ಗಿಟಾರಿನದು, ಮೈ ಇನ್ನೊಂದರದ್ದು! ಚಿನ್ನದ ಅಕ್ಷರ ಇದ್ದದ್ದು ಕತ್ತಿನ ಮೇಲೆ ಅಷ್ಟೇ. ಲಾಡ್ಜಿಗೆ ಓಡಿದೆ. ರೂಮು ಖಾಲಿ.

ಅದಕ್ಕೇ ಮತ್ತೆ ಹೇಳುತ್ತೇನೆ ಶುಭಾ, ನಿನ್ನ ಗಂಡನಿಗೂ ಓದಿ ಹೇಳು, ಬರೆದಿರೋದನ್ನ ನೋಡಿ ದುಡ್ಡು ಕೊಡಬೇಡಿ. ಫೋಟೋ ನೋಡಿ ಟೋಕನ್ ಹಾಕಲೇಬೇಡಿ. ಫೋಟೋದಲ್ಲಿ ತಿರುಚು ಕಾಣಲ್ಲ.

ಮತ್ತೆ ಇಂಡೋನೇಷ್ಯಾ ಅಂತ ಯಾಕೆ ಮೂಗು ಮುರಿಯಬೇಕು? ಕೋರ್ಟ್ ಅನ್ನೋ ಕೊರಿಯಾ ಕಂಪನಿಯ ಕಾರ್ಖಾನೆ ಇಂಡೋನೇಷ್ಯಾದಲ್ಲಿದೆ, ಪಿಆರ್‌ಎಸ್ ಅಂತ ಅಮೆರಿಕದ ದೊಡ್ಡ ಹೆಸರು ಇದೆಯಲ್ಲ, ಅವರ ಎಸ್‌ಇ ಅನ್ನೋ ಕಡಿಮೆ ಬೆಲೆಯ ಗಿಟಾರುಗಳು ಅಲ್ಲೇ ತಯಾರಾಗಿ ಬರುತ್ತವೆ. ಫೆಂಡರ್ ಅನ್ನೋ ಅಮೆರಿಕದ ಕಂಪನಿಯವರೇ 1982ರಲ್ಲಿ ಜಪಾನಿನಲ್ಲಿ ಮಾಡಿಸೋಕೆ ಶುರು ಮಾಡಿದರು. ಕಡಿಮೆ ಬೆಲೆಗೆ ಅಂತ ಮಾಡಿಸಿದ ಆ ಕಾಲದ ಜಪಾನ್ ಗಿಟಾರನ್ನ ಈಗ ಜನ ಹುಡುಕಿಕೊಂಡು ಹೋಗಿ ದುಡ್ಡು ಸುರಿಯುತ್ತಾರೆ. ಆಮೇಲೆ ಮೆಕ್ಸಿಕೋದಲ್ಲೂ ಮಾಡಿದರು. ಮೆಕ್ಸಿಕೋದ ಆ ಕಾರ್ಖಾನೆ ಇರೋ ಊರಿಗೂ ಅವರ ಕ್ಯಾಲಿಫೋರ್ನಿಯಾದ ಕಾರ್ಖಾನೆಗೂ ಕಾರಿನಲ್ಲಿ ಒಂದು ಬೆಳಗ್ಗೆಯ ದಾರಿ. ನಡುವೆ ಒಂದು ಗಡಿ ಬಂತು ಅಂತ ಬೆಲೆ ಎಲ್ಲೋ ಹೋಗುತ್ತೆ! ಬೆರಳು ಓಡಾಡೋ ಹಲಗೆಗೆ ಹಾಕೋ ರೋಸ್‌ವುಡ್ಡು ಎಷ್ಟೋ ಗಿಟಾರಿನಲ್ಲಿ ನಮ್ಮ ಕಡೆ ಬೆಳೆಯೋ ಬೀಟೆ ಜಾತಿಯದೇ. ಹಾಗಿದ್ದರೆ ಆ ಗಿಟಾರು ಯಾವ ದೇಶದ್ದು ಅಂತೀಯ?

ಈಗ ಮರ ಕೊರೆಯೋದು ಕಂಪ್ಯೂಟರ್ ಮೆಷಿನ್ನು. ಅದು ಯಾವ ಊರಲ್ಲಿದ್ದರೂ ಒಂದೇ ಥರ ಕೊರೆಯುತ್ತೆ. ದುಡ್ಡು ಉಳಿಸೋದು ಆಮೇಲಿನ ಕೈಕೆಲಸದಲ್ಲಿ, ಫ್ರೆಟ್ ತುದಿ ಉಜ್ಜೋದು, ತಲೆ ಬುಡದಲ್ಲಿ ತಂತಿ ಕೂರೋ ನಟ್ ಅನ್ನೋ ಪಟ್ಟಿಯ ಕಚ್ಚು ಸರಿಯಾಗಿ ಕೊರೆಯೋದು, ಒಳಗಿನ ವೈರು, ಬಿರಡೆ. ಅಲ್ಲಿ ನೋಡಬೇಕು.

ಇಷ್ಟೆಲ್ಲ ತಿಳಿದವನು ಮನೆಯಲ್ಲಿದ್ದಾನೆ ಅಂತ ನಮ್ಮವರಿಗೆ ಯಾವತ್ತಾದರೂ ಅನ್ನಿಸಿದೆಯಾ? ಇರಲಿ, ಹೇಳಬಾರದು ಅಂದುಕೊಂಡಿದ್ದೆ. ರವಿ ಮಗಳ ಮದುವೆಯಲ್ಲಿ, ರವಿ ನೀನೂ ಓದುತ್ತಿದ್ದೀಯ ಗೊತ್ತು, ರಿಸೆಪ್ಷನ್ನಿಗೆ ಡಿಜೆ ತರಿಸಿದಿರಿ. ತರಿಸಿ, ಬೇಡ ಅನ್ನಲಿಲ್ಲ. ನಾನು ಗಿಟಾರು ಸಣ್ಣ ಆಂಪು ಎರಡೂ ಆಟೋದಲ್ಲಿ ಹಾಕಿಕೊಂಡು ಬಂದಿದ್ದೆ, ಎರಡು ಹಾಡು, ಹತ್ತು ನಿಮಿಷ. "ಆಮೇಲೆ ನೋಡೋಣ ಚಿಕ್ಕಪ್ಪ" ಅಂತ ಹೇಳಿ ನನ್ನ ಕೈಗೆ ಉಗ್ರಾಣದ ಬೀಗದ ಕೈ ಕೊಟ್ಟೆ. ಮೂವತ್ತು ವರ್ಷ ಸ್ಟೇಜ್ ಮೇಲೆ ನಿಂತವನು ತೆಂಗಿನಕಾಯಿ ಎಣಿಸಿದೆ ಕಣಪ್ಪ. ನೀರಿನ ಬಾಟಲಿ ಕೇಸು ಎಷ್ಟು ಉಳಿದಿತ್ತು ಅಂತ ಈಗಲೂ ಹೇಳಬಲ್ಲೆ, ಹದಿನಾಲ್ಕು. ಗಿಟಾರು ಅಕ್ಕಿ ಮೂಟೆಗೆ ಒರಗಿಕೊಂಡು ರಾತ್ರಿ ಪೂರ್ತಿ ಕೂತಿತ್ತು. ಡಿಜೆ ಹುಡುಗ ಒಂದು ಬಟನ್ ಒತ್ತಿ ಪಾನ್ ಹಾಕಿಕೊಳ್ಳೋಕೆ ಹೊರಗೆ ಹೋಗಿದ್ದ, ಹಾಡು ತಾನೇ ಹೋಗುತ್ತಿತ್ತು. ಯಾರೂ ಗಮನಿಸಲಿಲ್ಲ.

ನಿಮ್ಮತ್ತೆ ಒಳಗಿಂದ ಕೂಗುತ್ತಿದ್ದಾಳೆ, "ಅವಳು ಕೇಳಿದ್ದಕ್ಕೆ ಉತ್ತರ ಹೇಳಿದ್ರಾ ಇಲ್ವಾ" ಅಂತ. ಹೇಳಲಿಲ್ಲ ಅಲ್ವಾ. ಸರಿ.

ನಾಳೆ ಪುಟ್ಟನ್ನ ಕರೆದುಕೊಂಡು ಅಂಗಡಿಗೆ ಹೋಗು. ಆಂಪು ಹಾಕಿಸಬೇಡ, ಮೊದಲು ಹಾಗೇ ನುಡಿಸಲಿ. ಆ ಮುದುಕರ ಥರ ಒಂದು ಕಣ್ಣು ಮುಚ್ಚಿ ನೆಕ್ ನೋಡು, ಎರಡು ಅಂಚಿನ ತಂತಿಗಳೂ ಹಲಗೆಯ ಅಂಚಿನಿಂದ ಸಮ ದೂರದಲ್ಲಿ ಹೋಗಬೇಕು. ಅಂಗೈಯನ್ನ ನೆಕ್ ಅಂಚಿನ ಮೇಲೆ ಉದ್ದಕ್ಕೆ ಸವರು, ಫ್ರೆಟ್ ತುದಿ ಗರಗಸದ ಹಾಗೆ ಚುಚ್ಚಬಾರದು. ನಮ್ಮ ಕಡೆ ಬೇಸಿಗೆಯಲ್ಲಿ ಮರ ಒಣಗಿದರೆ ಸ್ವಲ್ಪ ಚುಚ್ಚುತ್ತೆ, ಅದನ್ನ ಉಜ್ಜಿಸಬಹುದು. ಮೊದಲ ಫ್ರೆಟ್ಟು, ಕೊನೇ ಫ್ರೆಟ್ಟು ಎರಡೂ ಕಡೆ ದಪ್ಪ ತಂತಿ ಒತ್ತಿಸಿ ಏಳನೇ ಫ್ರೆಟ್ ಹತ್ತಿರ ನೋಡು, ವಿಸಿಟಿಂಗ್ ಕಾರ್ಡು ತೂರುವಷ್ಟು ಸಂದು ಇದ್ದರೆ ಸರಿ. ಜಾಸ್ತಿ ಇದ್ದರೆ ಟ್ರಸ್ ರಾಡ್ ಅಂತ ನೆಕ್ ಒಳಗೆ ಒಂದು ಕಬ್ಬಿಣದ ಸಲಾಕೆ ಇರುತ್ತೆ, ಅದನ್ನ ಅಂಗಡಿಯವರ ಕೈಲೇ ಕಾಲು ಸುತ್ತು ತಿರುಗಿಸಿ ತೋರಿಸಿ ಅನ್ನು. ಅದು ತಿರುಗದಿದ್ದರೆ ಎದ್ದು ಬಾ.

ಆಮೇಲೆ ಪ್ರತಿ ತಂತಿ, ಪ್ರತಿ ಫ್ರೆಟ್ಟು, ಒಂದೊಂದಾಗಿ ನುಡಿಸಲಿ. ಬೇಜಾರಾದರೂ ಪರವಾಗಿಲ್ಲ, ಸುಮಾರು 130 ಸ್ವರ, ಐದು ನಿಮಿಷ. ಎಲ್ಲಾದರೂ ಸ್ವರ ಸತ್ತರೆ ಅದರ ಮುಂದಿನ ಯಾವುದೋ ಫ್ರೆಟ್ ಎದ್ದಿರಬಹುದು ಅಂತ. ಹನ್ನೆರಡನೇ ಫ್ರೆಟ್ಟಿನ ಮೇಲೆ ಬೆರಳು ಸುಮ್ನೆ ತಾಗಿಸಿ ಬರೋ ನಾದ, ಒತ್ತಿ ಬರೋ ಸ್ವರ, ಎರಡೂ ಫೋನಿನ ಟ್ಯೂನರಿನಲ್ಲಿ ಒಂದೇ ತೋರಿಸಬೇಕು. ಸ್ವಲ್ಪ ಆಚೀಚೆ ಇದ್ದರೆ ಹೊಟ್ಟೆ ಕಡೆ ತಂತಿ ಕೂರೋ ಬ್ರಿಡ್ಜಿನಲ್ಲಿ ಸರಿ ಮಾಡುತ್ತಾರೆ, ಅದಕ್ಕೆ ಹೆದರಬೇಡ. ತಂತಿಯನ್ನ ಎಳೆದು ಬಿಟ್ಟು ಮತ್ತೆ ಶ್ರುತಿ ನೋಡಲಿ. ಬಿರಡೆ ತಿರುಗಿಸುವಾಗ ನಟ್ ಹತ್ತಿರ ಟಿಂಗ್ ಅಂದರೆ ಅಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದೆ, ಅದೂ ಸಣ್ಣ ಕೆಲಸ. ಕೊನೆಗೆ ಆಂಪು, ಎಕೋ ಗಿಕೋ ಇಲ್ಲದೆ. ನಾಬು ತಿರುಗಿಸುವಾಗ ಕರಕರ ಅಂದರೆ ಸ್ಪ್ರೇ ಹೊಡೆದರೆ ಹೋಗುತ್ತೆ, ಜಾಕ್ ಅಲ್ಲಾಡಿಸಿದಾಗ ಸೌಂಡ್ ಕಟ್ ಆದರೆ ಅಲ್ಲೇ ಸರಿ ಮಾಡಿಸು. ತಿರುಚಿದ ನೆಕ್, ತಿರುಗದ ರಾಡ್, ತಲೆ ಬುಡದಲ್ಲಿ ಬಿರುಕು, ಇವು ಮೂರರಲ್ಲಿ ಒಂದಿದ್ದರೂ ಯಾವ ದೇಶದ್ದಾದರೂ ಬೇಡ.

24 ಸಾವಿರದ್ದು ಇದರಲ್ಲೆಲ್ಲ ಪಾಸಾದರೆ ಅದನ್ನೇ ತಗೋ. ಒಂದೆರಡು ಸಾವಿರ ಸೆಟಪ್ಪಿಗೆ, ಹೊಸ ತಂತಿಗೆ ಎತ್ತಿಡು. ಉಳಿದದ್ದರಲ್ಲಿ ಒಳ್ಳೆ ಆಂಪು ಬರುತ್ತೆ, ಅರ್ಧ ಸೌಂಡು ಅದರದ್ದೇ. ಇಲ್ಲ, 85 ಸಾವಿರದ್ದನ್ನೇ ನೋಡಬೇಕು ಅಂತ ಹುಡುಗ ಹಟ ಮಾಡಿದರೆ ಭಾನುವಾರ ನಾನೇ ಬರುತ್ತೇನೆ. ಸೀರಿಯಲ್ ನಂಬರಿನ ಫೋಟೋ ಮೊದಲೇ ತರಿಸಿಕೊಂಡು ಅದು ಯಾವ ವರ್ಷದ್ದು ಅಂತ ಪುಟ್ಟನ ಕೈಲೇ ನೆಟ್ಟಿನಲ್ಲಿ ನೋಡಿಸು. ಮಾರೋ ಆಸಾಮಿಗೆ ಹೇಳು, ನಮ್ಮ ಮಾವ ಬರುತ್ತಾರೆ, ನಾಲ್ಕು ಸ್ಕ್ರೂ ಬಿಚ್ಚಿ ನೋಡುತ್ತಾರೆ ಅಂತ. ಬೇಡ ಅಂದರೆ ನಮಗೆ ರೈಲು ಚಾರ್ಜು ಉಳಿಯಿತು.

ನಾನು ಇಲ್ಲಿ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿರುತ್ತೇನೆ, ನೀವು ಮಂಡ್ಯದಲ್ಲಿ ಹತ್ತಿ. ಸ್ಕ್ರೂಡ್ರೈವರ್ ನಾನು ತರುತ್ತೇನೆ, ನೀನು ಪುಳಿಯೋಗರೆ ತಾ. ಮತ್ತೆ ರವಿ, ಆ ಉಗ್ರಾಣದ ಬೀಗದ ಕೈ ಇನ್ನೂ ನನ್ನ ಗಿಟಾರ್ ಬ್ಯಾಗಿನಲ್ಲೇ ಇದೆ, ಛತ್ರದವರು ಕೇಳಿದರೆ ಹೇಳು.