ಕರ್ನಲ್ ಕಂಪೈಲ್: ಎರಡನೇ ಸಲ ಬೇಗ ಮುಗಿಯುವುದೇಕೆ? ಟಿಎಂಪಿಎಫ್‌ಎಸ್ ಬೇಕೇ?

ಪ್ರಶ್ನೆ:
12 ಥ್ರೆಡ್ಡಿನ ಪ್ರೊಸೆಸರ್, 8 ಜಿಬಿ ರ್‍ಯಾಮ್, ಹಾರ್ಡ್ ಡಿಸ್ಕ್. ಬೂಟ್ ಆದ ಮೇಲೆ ಮೊದಲ ಸಲ ಲಿನಕ್ಸ್ ಕರ್ನಲ್ ಕಂಪೈಲ್ ನಿಧಾನ. ‘ಮೇಕ್ ಕ್ಲೀನ್’ ಮಾಡಿ (ಹಿಂದೆ ಕಟ್ಟಿದ್ದನ್ನು ಅಳಿಸಿ) ಮತ್ತೆ ಕೊಟ್ಟರೆ ಬೇಗ ಮುಗಿಯುತ್ತದೆ. ಸೋರ್ಸನ್ನೆಲ್ಲ ಟಿಎಂಪಿಎಫ್‌ಎಸ್‌ಗೆ (ರ್‍ಯಾಮಿನಲ್ಲೇ ಇರುವ ಫೈಲ್ ಸಿಸ್ಟಂ) ಹಾಕಿದರೆ ಇನ್ನೂ ವೇಗ ಸಿಗುತ್ತದೆಯೇ? ‘ಫ್ರೀ’ ಕಮಾಂಡ್ ಖಾಲಿ ಮೆಮೊರಿ ಬರೀ 300 ಎಂಬಿ ಅನ್ನುತ್ತಿದೆ. ಅದು ಅಡ್ಡಿಯೇ?

ಉತ್ತರ 1:
300 ಎಂಬಿ ನೋಡಿ ಗಾಬರಿಯಾಗಬೇಡಿ, ‘ಅವೈಲಬಲ್’ ಕಾಲಂ ನೋಡಿ. ಒಮ್ಮೆ ಓದಿದ ಸೋರ್ಸ್, ಹೆಡರ್ ಫೈಲುಗಳನ್ನು ಕರ್ನಲ್ ರ್‍ಯಾಮಿನಲ್ಲಿರುವ ಪೇಜ್ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ, ಪ್ರೋಗ್ರಾಮುಗಳಿಗೆ ಜಾಗ ಬೇಕಾದಾಗ ಬಿಟ್ಟುಕೊಡುತ್ತದೆ. ಹಾರ್ಡ್ ಡಿಸ್ಕಿನ ಹೆಡ್ ಸಾವಿರಾರು ಸಣ್ಣ ಫೈಲುಗಳಿಗಾಗಿ ಅಲೆಯುವುದು ತಪ್ಪುತ್ತದಲ್ಲ, ಎರಡನೇ ಸಲದ ವೇಗ ಅದರದ್ದೇ.

ಟಿಎಂಪಿಎಫ್‌ಎಸ್‌ನಿಂದ ಹೆಚ್ಚೇನೂ ಸಿಗದು. ಕಂಪೈಲ್ ಆಗಿ ಬರುವ ಆಬ್ಜೆಕ್ಟ್ ಫೈಲುಗಳೂ ಮೊದಲು ಪೇಜ್ ಕ್ಯಾಶ್‌ಗೇ ಹೋಗಿ, ಆಮೇಲೆ ಹಿನ್ನೆಲೆಯಲ್ಲಿ ಡಿಸ್ಕಿಗೆ ಇಳಿಯುತ್ತವೆ. ಟಿಎಂಪಿಎಫ್‌ಎಸ್‌ನಲ್ಲಿ ಇಟ್ಟದ್ದನ್ನು ಸ್ವಾಪ್‌ಗೆ (ಮೆಮೊರಿ ಸಾಲದಾದಾಗ ಬಳಸುವ ಡಿಸ್ಕಿನ ಜಾಗ) ಬಿಟ್ಟರೆ ಬೇರೆಲ್ಲಿಗೂ ಸರಿಸಲಾಗದು. ಅದರ ಮಿತಿ ತಾನಾಗಿ ರ್‍ಯಾಮಿನ ಅರ್ಧ, ಅಂದರೆ ನಿಮ್ಮಲ್ಲಿ 4 ಜಿಬಿ. ಅಷ್ಟು ತುಂಬಿದರೆ ಕಂಪೈಲರ್‌ಗೇ ಇಕ್ಕಟ್ಟು.

ಅಳೆದು ನೋಡಿ: ಮೇಕ್ ಕ್ಲೀನ್, ಆಮೇಲೆ ‘ಸಿಂಕ್’, ಆಮೇಲೆ ಕ್ಯಾಶ್ ಖಾಲಿ ಮಾಡಲು ರೂಟ್ ಆಗಿ ‘ಡ್ರಾಪ್ ಕ್ಯಾಶಸ್’ ಫೈಲಿಗೆ 3 ಬರೆದು, ‘ಟೈಮ್’ ಹಾಕಿ ಮೇಕ್ ಓಡಿಸಿ. ಸಿಂಕ್ ಬಿಟ್ಟರೆ ಡಿಸ್ಕಿಗೆ ಇನ್ನೂ ಬರೆಯದ ಪೇಜುಗಳು ಕ್ಯಾಶ್‌ನಲ್ಲೇ ಉಳಿದು ಲೆಕ್ಕ ತಪ್ಪುತ್ತದೆ. ರಿಯಲ್ (ಗಡಿಯಾರದ ಸಮಯ) 10 ನಿಮಿಷ, ಯೂಸರ್ ಮತ್ತು ಸಿಸ್ (ಪ್ರೊಸೆಸರ್ ದುಡಿದ ಸಮಯ) ಸೇರಿ 110 ಬಂದರೆ 12 ಥ್ರೆಡ್ಡುಗಳ 120 ನಿಮಿಷದಲ್ಲಿ 110 ದುಡಿಮೆಗೇ ಹೋಗಿದೆ. ಆಗ ಯಾವ ಕ್ಯಾಶೂ ಹೆಚ್ಚು ಉಳಿಸಿಕೊಡದು.

ಉತ್ತರ 2:
ಕರ್ನಲ್ ಸಿ ಭಾಷೆಯದ್ದು, ಪರವಾಗಿಲ್ಲ. ಎಲ್‌ಎಲ್‌ವಿಎಂನಂಥ ಸಿ++ ಪ್ರಾಜೆಕ್ಟಿಗೆ ಇದೇ ಯಂತ್ರದಲ್ಲಿ ‘ಜೆ 12’ (ಒಟ್ಟಿಗೆ 12 ಕೆಲಸ) ಕೊಡಬೇಡಿ. ಒಂದೊಂದು ಕಂಪೈಲರ್ ಪ್ರೋಸೆಸ್ 1 ಜಿಬಿ ತಿನ್ನಬಹುದು. ಆಗ ಪೇಜ್ ಕ್ಯಾಶ್ ಕರಗಿ ಅವೇ ಹೆಡರುಗಳನ್ನು ಡಿಸ್ಕಿನಿಂದ ಮತ್ತೆ ಮತ್ತೆ ಓದಬೇಕಾಗುತ್ತದೆ, ಆಮೇಲೆ ಸ್ವಾಪ್, ಕೊನೆಗೆ ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೋಸೆಸನ್ನು ಕೊಲ್ಲುವ ಕರ್ನಲ್ ಭಾಗ) ಬಂದು ‘ಕಿಲ್ಡ್’. ‘ವಿಎಂಸ್ಟ್ಯಾಟ್ 1’ ಓಡಿಸಿಟ್ಟು ಎಸ್‌ಐ, ಎಸ್‌ಓ (ಸ್ವಾಪ್‌ನಿಂದ ಒಳಗೆ, ಸ್ವಾಪ್‌ಗೆ ಹೊರಗೆ) ಕಾಲಂ ಗಮನಿಸಿ. ಅಲ್ಲಿ ಅಂಕಿ ಏಳುತ್ತಲೇ ಇದ್ದರೆ ಜೆ 6ಕ್ಕೆ ಇಳಿಸಿ. ಲಿಂಕಿಂಗ್‌ಗೆ (ಆಬ್ಜೆಕ್ಟ್ ಫೈಲುಗಳನ್ನು ಜೋಡಿಸುವ ಹಂತ) ಇನ್ನೂ ಹೆಚ್ಚು ಮೆಮೊರಿ ಬೇಕು, ಸಿಮೇಕ್‌ನಲ್ಲಿ ಪ್ಯಾರಲಲ್ ಲಿಂಕ್ ಜಾಬ್ಸ್ 1 ಮಾಡಿ.

ಪ್ರಶ್ನೆ ಕೇಳಿದವರು:
ಸಿಕ್ಯಾಶ್ ಕೂಡ ಇದೇ ಕೆಲಸ ಮಾಡುತ್ತದೆಯೇ?

ಉತ್ತರ 3:
ಇಲ್ಲ. ಪೇಜ್ ಕ್ಯಾಶ್ ಓದುವ ಸಮಯ ಉಳಿಸುತ್ತದೆ, ಸಿಕ್ಯಾಶ್ ಕಂಪೈಲ್ ಮಾಡುವುದನ್ನೇ ಉಳಿಸುತ್ತದೆ. ಸೋರ್ಸ್, ಆಪ್ಷನ್‌ಗಳ ಹ್ಯಾಶ್ (ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ಹಿಂದಿನದ್ದಕ್ಕೆ ಹೊಂದಿದರೆ ಹಳೆಯ ಆಬ್ಜೆಕ್ಟ್ ಫೈಲನ್ನೇ ಎತ್ತಿಕೊಡುತ್ತದೆ. ಡಿಸ್ಕಿನಲ್ಲಿ ಇರುವುದರಿಂದ ರೀಬೂಟ್ ಆದರೂ ಉಳಿಯುತ್ತದೆ. ಮೊದಲ ಓಟ ಮಾತ್ರ ಸ್ವಲ್ಪ ನಿಧಾನ. ಮಿತಿ ಸಾಮಾನ್ಯವಾಗಿ 5 ಜಿಬಿ, ಬೇರೆ ಬೇರೆ ಕಾನ್ಫಿಗ್‌ಗಳನ್ನು ಕಟ್ಟುವವರು ದೊಡ್ಡ ಎಂ ಆಪ್ಷನ್‌ನಿಂದ ಹೆಚ್ಚಿಸಬೇಕು. ಸಣ್ಣ ಎಸ್ ಆಪ್ಷನ್ ಹಿಟ್, ಮಿಸ್ ಎಷ್ಟೆಂದು ತೋರಿಸುತ್ತದೆ. ಏನೂ ಬದಲಿಸದೆ ಮತ್ತೆ ಕಟ್ಟಿದಾಗಲೂ ಮಿಸ್ಸೇ ಜಾಸ್ತಿ ಇದ್ದರೆ ಮೊದಲು ಕಂಪೈಲರ್ ಆಪ್ಷನ್‌ಗಳನ್ನೂ ಫೋಲ್ಡರ್ ಪಾತನ್ನೂ ಹೋಲಿಸಿ ನೋಡಿ.