ಪದಚರ್ಚೆ: ಕಲ್ಲನ್ನು ‘ಎಸೆದರೆ’ ಎನ್ನಬೇಕೋ, ‘ಬಿಟ್ಟರೆ’ ಎನ್ನಬೇಕೋ?

ಗೆಳೆಯರೆ,
ಚಿತ್ರದುರ್ಗದಲ್ಲಿ ಒಂಬತ್ತನೇ ತರಗತಿ ಮಕ್ಕಳಿಗೆ ಭೌತಶಾಸ್ತ್ರದ ಲೆಕ್ಕದ ಹಾಳೆ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಜೆರಾಕ್ಸ್‌ಗೆ ಕೊಡಬೇಕು. ಇಂಗ್ಲಿಷಿನಿಂದ ತಂದ ಲೆಕ್ಕ ಇದು: ‘45 ಮೀಟರ್ ಎತ್ತರದ ಬುರುಜಿನಿಂದ ಕಲ್ಲೊಂದನ್ನು ಎಸೆಯಲಾಗಿದೆ. ನೆಲ ಮುಟ್ಟಲು ಎಷ್ಟು ಸೆಕೆಂಡು ಬೇಕು?’ ಮೂಲದಲ್ಲಿ ಕಲ್ಲನ್ನು ಸುಮ್ನೆ ಬಿಡುತ್ತಾರೆ, ಅಷ್ಟೆ. ‘ಎಸೆ’ ಸರಿಯೇ? ತಲೆಬರಹಕ್ಕೆ ‘ಮುಕ್ತ ಪತನ’ (ಭೂಮಿಯ ಸೆಳೆತಕ್ಕಷ್ಟೇ ಸಿಕ್ಕಿ ಬೀಳುವುದು) ಸಾಕೇ?

— ದಾವಣಗೆರೆಯಿಂದ:
ತಪ್ಪು. ಹಳಗನ್ನಡದ ‘ಎಸು’ ಅಂದರೆ ಬಾಣ ಬಿಡು. ‘ಎಚ್ಚನು’, ಅಂದರೆ ಬಾಣ ಬಿಟ್ಟನು, ನೆನಪಿದೆ ಅಲ್ವಾ? ‘ಎಸೆ’ ಅದೇ ಮನೆಯ ಪದ. ತೋಳಿನ ಬಲ ಇಲ್ಲದೆ ಎಸೆತ ಇಲ್ಲ. ಎಸೆದ ಕಲ್ಲಿಗೆ ಮೊದಲೇ ವೇಗ ಇರುತ್ತದೆ. ಅದು ಎಷ್ಟೆಂದು ಹೇಳದೆ ಲೆಕ್ಕ ಬಿಡಿಸಲು ಆಗದು. ‘ಕೈಬಿಟ್ಟರೆ’ ಎನ್ನಿ. ತಲೆಬರಹ ‘ಬಿಡುಬೀಳು’. ಸಂಸ್ಕೃತ ಬೇಡವೇ ಬೇಡ.

— ಇನ್ನೊಬ್ಬರು:
‘ಬಿಡುಬೀಳು’ ಯಾರೂ ಆಡದ ಮಾತು. ‘ಕೈಬಿಡು’ ಯೋಜನೆಗೆ ಸರಿ, ಕಲ್ಲಿಗಲ್ಲ. ಎಸೆತದ ವಾದವೂ ಅರ್ಧವೇ ನಿಜ. ಸುಮ್ನೆ ಬಿಟ್ಟರೆ ಉತ್ತರ 3 ಸೆಕೆಂಡು; ನೆಲಕ್ಕೆ ಸಮಾನಾಂತರವಾಗಿ ಅಡ್ಡ ಎಸೆದರೂ ಅದೇ 3 ಸೆಕೆಂಡು! (ಗುರುತ್ವ ವೇಗೋತ್ಕರ್ಷ 10 ಎಂದು ಹಿಡಿಯಿರಿ, ಅಂದರೆ ಬೀಳುವಾಗ ವೇಗ ಪ್ರತಿ ಸೆಕೆಂಡೂ ಸೆಕೆಂಡಿಗೆ 10 ಮೀಟರ್‌ನಷ್ಟು ಹೆಚ್ಚುತ್ತದೆ; ಗಾಳಿಯ ತಡೆ ಬಿಡಿ.) ಮೇಲಕ್ಕೋ ಕೆಳಕ್ಕೋ ಎಸೆದರೆ ಮಾತ್ರ ಉತ್ತರ ಬದಲು. ‘ಎಸೆ’ ದಿಕ್ಕು ಹೇಳುವುದಿಲ್ಲ, ಅದಕ್ಕೇ ಬೇಡ. ‘ಹಿಡಿದಿದ್ದ ಕಲ್ಲನ್ನು ಬಿಟ್ಟರೆ’ ಎಂದು ಬರೆಯಿರಿ. ಹಿಡಿದಿದ್ದ ಎಂದಾಗಲೇ ಮೊದಲ ವೇಗ ಸೊನ್ನೆ ಎಂದು ಮಕ್ಕಳಿಗೆ ತಿಳಿಯುತ್ತದೆ.

ಇದಕ್ಕಿಂತ ಜಾಸ್ತಿ ತೊಂದರೆ ‘ವೇಗ’ದಲ್ಲಿದೆ. ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿಲೋಮೀಟರ್. ಬಸ್ಸು ಗಂಟೆಗೆ 60ರಂತೆ ಒಂದೇ ಸಮನೆ ಓಡಿದರೆ ಒಂದು ಗಂಟೆ. ಭಾಗಿಸಿದರೆ ಮುಗಿಯಿತು. ಬೀಳುವ ಕಲ್ಲು ಹಾಗಲ್ಲ. ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ 30 ಮೀಟರ್. ಮಕ್ಕಳು ಬಸ್ಸಿನ ಲೆಕ್ಕದಂತೆಯೇ 30ನ್ನು 3ರಿಂದ ಗುಣಿಸಿ 90 ಮೀಟರ್ ಎನ್ನುತ್ತಾರೆ. ಸೊನ್ನೆ ಮತ್ತು 30ರ ಸರಾಸರಿ 15 ಹಿಡಿದರೆ ಮಾತ್ರ 45 ಬರುತ್ತದೆ. ಬಸ್ಸಿನ ಲೆಕ್ಕದಲ್ಲಿ ‘ಒಂದೇ ಸಮನೆ’ ಎಂಬುದನ್ನು ಬಿಡಬೇಡಿ. ಕಲ್ಲಿನ ಲೆಕ್ಕದಲ್ಲಿ ಬರಿಯ ‘ವೇಗ’ ಬೇಡ, ‘ನೆಲ ಮುಟ್ಟುವಾಗಿನ ವೇಗ’ ಎನ್ನಿ.

— ದಾವಣಗೆರೆಯಿಂದ, ಮತ್ತೆ:
ಯಾರೂ ಆಡದ ಮಾತೇ? ‘ವೇಗೋತ್ಕರ್ಷ’ವನ್ನು ಯಾರ ಮನೆಯಲ್ಲಿ ಆಡುತ್ತಾರೆ? ಪಠ್ಯದಲ್ಲಿ ಅಚ್ಚಾಯಿತು, ರೂಢಿಯಾಯಿತು. ನಮ್ಮ ಪದಕ್ಕೆ ಮಾತ್ರ ಆ ಅವಕಾಶ ಯಾಕಿಲ್ಲ? ‘ಪತನ’ ಎಂದರೆ ಮಕ್ಕಳಿಗೆ ವಿಮಾನ ಪತನ, ಸರ್ಕಾರ ಪತನ. ಕಲ್ಲು ಬಿದ್ದರೆ ಅದೇನು ದುರಂತವೇ?

— ಇನ್ನೊಬ್ಬರು:
‘ಮೀಟರ್’, ‘ಸೆಕೆಂಡು’ ಬಿಡದೆ ‘ಪತನ’ವನ್ನಷ್ಟೇ ಓಡಿಸುವುದು ಯಾವ ನ್ಯಾಯ? ಎರವಲು ಬೇಡ ಎಂದರೆ ಎಲ್ಲವೂ ಬೇಡ ಎನ್ನಿ.

— ಚಿತ್ರದುರ್ಗದಿಂದ:
‘ಹಿಡಿದಿದ್ದ ಕಲ್ಲನ್ನು ಬಿಟ್ಟರೆ’ ಹಾಕಿದೆ. ತಲೆಬರಹ ‘ಬೀಳುವ ವಸ್ತುಗಳು’. ಬಸ್ಸಿನ ಲೆಕ್ಕವನ್ನು ಅದರ ಪಕ್ಕದಲ್ಲೇ ಇಡುತ್ತೇನೆ.